ನೂರಬಿಯ ಕೈ, ಕಾಡವ್ವನ ಮೂಗು

ಇನ್ನೂ ಐದು ಹೊಡೆದಿಲ್ಲ. ಯರಗಟ್ಟಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಂಜು ಮೊಣಕಾಲೆತ್ತರಕ್ಕೆ ನಿಂತಿದೆ. ಓಣಿಗೆಲ್ಲ ಒಂದೇ ಮನೆಯಲ್ಲಿ ದೀಪ. ಅಲ್ಲಿ ಐವತ್ತೆಂಟರ ನೂರಬಿ ಮಣೆಯ ಮೇಲೆ ಕೂತು, ಕಣ್ಣು ಮುಚ್ಚಿ, ಒಲೆಯ ಮೇಲಿನ ಪಾತೇಲಿಗೆ ಕಿವಿಗೊಟ್ಟಿದ್ದಾರೆ. ಒಳಗೆ ಸೇಬಿನ ಹೋಳುಗಳು ಬೆಲ್ಲದಲ್ಲಿ ಬೇಯುತ್ತಿವೆ. ದಾರಿಹೋಕರು ನೋಡಿದರೆ ಈ ಅಮ್ಮ ಕೂತಲ್ಲೇ ನಿದ್ದೆ ಹೋಗಿದ್ದಾರೆ ಅಂದುಕೊಳ್ಳಬೇಕು. ಆದರೆ ಅವರು ಕುದಿಯ ಸದ್ದು ಕೇಳುತ್ತಿದ್ದಾರೆ.

"ಮೊದಲ ಗುಳುಗುಳು ಅಂತೈತ್ರಿ. ನೀರ ಆರಿತಂದ್ರ ಪುಸಕ್ ಪುಸಕ್ ಅನ್ನಾಕ ಹತ್ತತೈತಿ. ಆವಾಗ ಇಳಸೂದು," ಎನ್ನುತ್ತಾ ಅವರು ಕಣ್ಣು ತೆರೆಯುತ್ತಾರೆ. ಪಾತೇಲಿ ಕೆಳಗಿಳಿಯುತ್ತದೆ.

ಘಮ ನೋಡಿ ಇಳಿಸುವ ಭಾಗ್ಯ ನೂರಬಿಗಿಲ್ಲ. ಆರು ವರ್ಷಗಳ ಹಿಂದೆ ಊರಿಗೆಲ್ಲ ಜ್ವರ ಬಂದಾಗ ಅವರಿಗೂ ಬಂತು. ಹತ್ತೇ ದಿನಕ್ಕೆ ವಾಸಿಯಾಯಿತು, ಆದರೆ ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಜೊತೆಗೆ ನಾಲಿಗೆಯ ರುಚಿಯೂ ಹೋಯಿತು. ಸವದತ್ತಿ, ಬೆಳಗಾವಿಯ ಡಾಕ್ಟರುಗಳು ಬರುತ್ತದೆ, ಕಾಯಿರಿ ಎಂದರು. ನೂರಬಿ ಕಾಯುತ್ತಲೇ ಇದ್ದಾರೆ.

"ಕನಸಿನ್ಯಾಗ ಎಲ್ಲಾ ವಾಸನಿ ಬರತಾವ್ರಿ. ನಮ್ಮವ್ವನ ಕೈಯಾಗಿನ ಮದರಂಗಿ, ಮಳಿ ಬಿದ್ದ ಎರಿ ಹೊಲ, ನಮ್ಮ ಮನಿಯವರ ಅಂಗಿ ಮ್ಯಾಲಿನ ಡೀಸಲ್ಲ. ಎಚ್ಚರಾಗೂದ ತಡ, ಒಂದೂ ಇಲ್ಲ. ಅದಕ್ಕ ಎದ್ದ ಮ್ಯಾಲೂ ಸ್ವಲ್ಪ ಹೊತ್ತ ಕಣ್ಣ ತಗಿಯಾಂಗಿಲ್ಲ ನಾ," ಎಂದು ನಗುತ್ತಾರೆ.

ಅವರ ಮನೆಯವರು ಟಿಪ್ಪುಸಾಬ ಲಾರಿ ಓಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನೂರಬಿ ಉಳ್ಳಾಗಡ್ಡಿ ಸಮೋಸ ಮಾಡಿ ನಿಲ್ದಾಣದಲ್ಲಿ ಮಾರುತ್ತಿದ್ದರು. ಮೂಗು ಹೋದಮೇಲೆ ಆ ಕಸುಬು ಹಳ್ಳ ಹಿಡಿಯಿತು. ಮಸಾಲೆಯ ಹದ ತಪ್ಪಿತು. ಕಲಸಿಟ್ಟ ಹಿಟ್ಟು ಹುಳಿ ಬಂದದ್ದೂ ತಿಳಿಯದಾಯಿತು. ತಿಂದವರು ಮುಖ ಕಿವುಚಿ ಎದ್ದು ಹೋಗುತ್ತಿದ್ದರು, ಒಬ್ಬರೂ ಯಾಕೆಂದು ಹೇಳಲಿಲ್ಲ. ಸಭ್ಯಸ್ತರ ಊರು ನೋಡಿ!

ದಾರಿ ತೋರಿಸಿದ್ದು ರಾಮದುರ್ಗಕ್ಕೆ ಕೊಟ್ಟ ಮಗಳು ಫರೀನ್. ಅಂಗಡಿಯ ಫ್ರೀಜರಿನಲ್ಲಿ ಸಿಗುವ, ಕರಿದರೆ ಪದರುಪದರಾಗಿ ಉಬ್ಬುವ ಪಫ್ ಹಿಟ್ಟು ತಂದು, ಸೇಬು ತುಂಬಿ, ಕೈಯಲ್ಲಿ ಹಿಡಿದು ತಿನ್ನುವ ಸಿಹಿ ಮಾಡುವುದನ್ನು ಅವಳು ಫೋನಿನಲ್ಲಿ ನೋಡಿ ಕಳಿಸಿದಳು. ಕಲಸುವ ತಲೆನೋವಿಲ್ಲ, ಮಸಾಲೆಯ ಗೊಡವೆಯಿಲ್ಲ. ಬೆಂದದ್ದು ಕಿವಿಗೆ ಗೊತ್ತಾಗುತ್ತದೆ, ಕರಿದದ್ದು ಕಣ್ಣಿಗೆ. ಹಿಟ್ಟು ಮಾತ್ರ ತಣ್ಣಗಿರಬೇಕು, ಹೂರಣ ಪೂರ್ತಿ ಆರಿರಬೇಕು, ಅಂಚಿಗೆ ನೀರು ಸವರಿ ಒತ್ತಬೇಕು. ಎರಡು ಚಮಚಕ್ಕಿಂತ ಹೆಚ್ಚು ತುಂಬಿದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ. ಅರ್ಧಚಂದ್ರನ ಆಕಾರ ನೋಡಿ ಊರವರು ಇದಕ್ಕೆ ಸೇಬಿನ ಕರ್ಚಿಕಾಯಿ ಎಂದೇ ಹೆಸರಿಟ್ಟಿದ್ದಾರೆ.

ದಿನಕ್ಕೆ ನಾಲ್ಕು ಕಿಲೊ ಸೇಬು, ನಾಲ್ಕು ಕಿಲೊ ಹಿಟ್ಟು, ನೂರರ ಆಚೀಚೆ ಕರ್ಚಿಕಾಯಿ. ರಾಮದುರ್ಗದ ಮೊದಲ ಬಸ್ಸಿನಿಂದ ಹಿಡಿದು ಬೆಳಗಾವಿಗೆ ಕಾಲೇಜಿಗೆ ಹೋಗುವ ಹುಡುಗಿಯರವರೆಗೆ ಎಲ್ಲರ ಕೈಯಲ್ಲೂ ಒಂದೊಂದು. ಒಂಬತ್ತಕ್ಕೆ ಬುಟ್ಟಿ ಖಾಲಿ.

ಇಷ್ಟೆಲ್ಲ ನಡೆಯುವುದು ಗೋಡೆಯಾಚೆಯ ಕಾಡವ್ವನ ಮೂಗಿನಿಂದ. ಮಾರುಕಟ್ಟೆಯಲ್ಲಿ ಕಾಳು ಹಸನು ಮಾಡುವ ಕಾಡವ್ವ ಮುಗ್ಗಿದ ಕಡಲೆಯನ್ನು ಚೀಲ ಬಿಚ್ಚುವ ಮೊದಲೇ ಹಿಡಿಯಬಲ್ಲ ಹೆಂಗಸು. ದಿನಾ ನಸುಕಿನಲ್ಲಿ ಬಂದು ಹಿಟ್ಟು ಮೂಸುತ್ತಾರೆ, ಮೊದಲ ಕರ್ಚಿಕಾಯಿ ತಿಂದು ಹೂಂ ಎನ್ನುತ್ತಾರೆ. ಆ ಹೂಂ ಬಾರದೆ ಬುಟ್ಟಿ ಹೊಸ್ತಿಲು ದಾಟುವುದಿಲ್ಲ.

ಕಳೆದ ಮಾಘದ ಹುಣ್ಣಿಮೆಗೆ ಈ ಏರ್ಪಾಡೇ ಕೈಕೊಟ್ಟಿತು. ಅಂದು ನೂರು ಕರ್ಚಿಕಾಯಿ ಬೇಕೆಂದವರು ಸ್ವತಃ ಕಾಡವ್ವ. ಮನೆಮಂದಿಯೆಲ್ಲ ಯಲ್ಲಮ್ಮನ ಗುಡ್ಡಕ್ಕೆ ಹೋಗಿ, ಅಡುಗೆಯೊಂದಿಗೆ ಇವನ್ನೂ ದೇವಿಗೆ ಎಡೆ ಹಿಡಿದು ಉಣ್ಣುವುದಿತ್ತು. ಎಡೆ ಹಿಡಿಯುವ ಪದಾರ್ಥವನ್ನು ಮೊದಲು ಯಾರೂ ಮೂಸುವಂತಿಲ್ಲ. ಹಾಗಾಗಿ ಕಾಡವ್ವ ಮೂಗಿಗೆ ಸೆರಗು ಕಟ್ಟಿಕೊಂಡೇ ಸೇಬು ಹೆಚ್ಚಿಕೊಟ್ಟರು. ಹಿಂದಿನ ದಿನವೆಲ್ಲ ಕರೆಂಟ್ ಇಲ್ಲದೆ ಅಂಗಡಿಯ ಫ್ರೀಜರ್ ಬೆಚ್ಚಗಾಗಿತ್ತೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರಿಗೆ ಮೂಗಿಲ್ಲ, ಇನ್ನೊಬ್ಬರ ಮೂಗಿಗೆ ಸೆರಗು. ಹುಳಿ ಬಂದ ಹಿಟ್ಟು ಹೊಂಬಣ್ಣಕ್ಕೆ ಕರಿದು ಗುಡ್ಡ ಹತ್ತಿತು.

ಸಂಜೆ ಖಾಲಿ ಬುಟ್ಟಿಯೊಂದಿಗೆ ಮರಳಿದ ಕಾಡವ್ವ, "ಒಂದೂ ಉಳೀಲಿಲ್ಲ ನೋಡ ನೂರಬಿ, ಬಾಳ ಚಲೋ ಆಗಿದ್ವು," ಎಂದರು. ನೂರಬಿ ಆ ರಾತ್ರಿ ಹಿಗ್ಗಿನಿಂದ ಮಲಗಿದರು. ಮೂರನೇ ದಿನ, ಅವರನ್ನೆಲ್ಲ ಗುಡ್ಡಕ್ಕೆ ಕರೆದೊಯ್ದಿದ್ದ ಟೆಂಪೊ ಚಾಲಕ ಸತ್ಯಪ್ಪ ನಿಲ್ದಾಣದಲ್ಲಿ ಸಿಕ್ಕು ಬಾಯಿಬಿಟ್ಟ: "ಅವತ್ತ ಹುಳಿ ಬಂದಿದ್ವಲ್ರಿ ನೂರಕ್ಕ. ಯಾರೂ ತಿನ್ನಲಿಲ್ಲ. ಕಾಡವ್ವ ಒಬ್ಬಾಕಿ ನಾಕ ತಿಂದ್ಲು. ಉಳದದ್ದ ದನಕ್ಕ ಹಾಕಿದ್ವಿ."

ನೂರಬಿ ಮನೆಗೆ ಬಂದು ಒಲೆ ಆರಿಸಿದರು. ಹುಳಿಯ ನಾಚಿಕೆ ಒಂದು ದಿನದ್ದು. ಸುಳ್ಳು ಮಾತ್ರ ಎದೆಯಲ್ಲಿ ಕೂತುಬಿಟ್ಟಿತು. "ಹಿಟ್ಟ ಕೆಟ್ರ ಬ್ಯಾರೆ ತರಬಹುದ್ರಿ. ಆಕಿ ಹೂಂ ಅಂದದ್ದು ಕೆಟ್ರ ನಾ ಎಲ್ಲಿಂದ ತರಲಿ? ಅದರ ಮ್ಯಾಲ ನಾ ಬುಟ್ಟಿ ಹೊರತಿದ್ನಿ."

ಕಾಡವ್ವ ಬಾಗಿಲಿಗೆ ಬಂದು ಗೋಗರೆದರು. "ನಿನ್ನ ಮನಸ ನೋಯಬಾರದಂತ ಹಂಗಂದೆ. ಎಷ್ಟ ಆಸೇದಿಂದ ಮಾಡಿದ್ದಿ!" ನೂರಬಿ ಬಾಗಿಲು ಹಾಕಿಕೊಂಡರು. ಒಂಬತ್ತು ದಿನ ಬುಟ್ಟಿ ಗೂಟಕ್ಕೆ ತೂಗುತ್ತಿತ್ತು. ನಿಲ್ದಾಣದಲ್ಲಿ ಜನ ಕೇಳಿ ಕೇಳಿ ಸುಮ್ಮನಾದರು. ರಾಮದುರ್ಗಕ್ಕೇ ಬಂದುಬಿಡು ಎಂದು ಫರೀನ್ ಅತ್ತಳು. ನೂರಬಿ ಅರೆಮನಸ್ಸಿನಿಂದ ಎರಡು ಸೀರೆ ಮಡಚಿಯೂ ಇಟ್ಟರು.

ಹತ್ತನೇ ದಿನ ನಸುಕಿಗೆ ಅವರಿಗೊಂದು ಉಪಾಯ ಹೊಳೆಯಿತು. ಒಂದೇ ಸೇಬು ಹೆಚ್ಚಿದರು. ಅದಕ್ಕೆ ಬೇಕಾದದ್ದಕ್ಕಿಂತ ಮೂರು ಪಟ್ಟು ಬೆಲ್ಲ ಸುರಿದರು. ಮನೆಯಲ್ಲಿದ್ದ ಗೋಧಿ ಹಿಟ್ಟಿನಲ್ಲೇ ಎರಡು ಕರ್ಚಿಕಾಯಿ ಕರಿದು, ಕಾಡವ್ವನನ್ನು ಕರೆದು ಕೈಗಿಟ್ಟರು. ಬೆಲ್ಲದ ಸುದ್ದಿ ಎತ್ತಲಿಲ್ಲ. ಎಷ್ಟೋ ದಿನದ ಮೇಲೆ ಮುನಿಸು ಮುರಿದ ಗೆಳತಿ ಎದುರಿಗೆ ಕೂತಿದ್ದಾಳೆ, ಕೈಯಲ್ಲಿ ಅವಳು ಕೊಟ್ಟ ತಿಂಡಿ. ಹೊಗಳಲು ಇದಕ್ಕಿಂತ ಒಳ್ಳೆಯ ಗಳಿಗೆ ಉಂಟೆ? ಕಾಡವ್ವ ಕಚ್ಚಿದರು. ಅಗಿದರು. ನೂರಬಿ ಮುಂದಕ್ಕೆ ಬಾಗಿದರು.

"ಥೂ! ಎಷ್ಟ ಬೆಲ್ಲಾ ಸುರುವಿ ಯವ್ವಾ? ಇದನ್ನ ಇರವಿ ಸುದ್ದಾ ತಿನ್ನಾಂಗಿಲ್ಲ!"

ನೂರಬಿ ನಕ್ಕರು, ನಗುತ್ತಲೇ ಅತ್ತರು, ಸೆರಗಿನಿಂದ ಮುಖ ಒರೆಸಿಕೊಂಡು ಅಂಗಡಿಗೆ ಹಿಟ್ಟು ತರಲು ನಡೆದರು. ಅಂದಿನಿಂದ ಒಂದು ಕರಾರಿದೆ. ಎಡೆಗೆಂದು ಮಾಡುವ ದಿನ, ಅದೇ ಹಿಟ್ಟಿನ ಒಂದು ತುಂಡನ್ನು ಬೇರೆ ಕರಿದು ಕಾಡವ್ವನಿಗೆ ಮೊದಲು ತಿನ್ನಿಸಬೇಕು. ಅದು ದೇವಿಯ ಪಾಲಲ್ಲ, ಕಾಡವ್ವನ ಪಾಲು.

ಈಗ ಬೆಳಕು ಹರಿದಿದೆ. ಬುಟ್ಟಿಗೆ ಬಟ್ಟೆ ಹೊದಿಸುತ್ತಿರುವ ನೂರಬಿಯನ್ನು ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಮೂಗು ಮರಳಿ ಬರಲಿ ಎನ್ನಬಹುದೆಂದು ಯಾರಿಗಾದರೂ ಅನಿಸುತ್ತದೆ. ಅವರು ಗೋಡೆಯಾಚೆ ನೋಡಿ ದನಿ ತಗ್ಗಿಸುತ್ತಾರೆ.

"ಮೂಗ ಬಂದ್ರ ಬರಲಿ, ಬರದಿದ್ರ ಬಿಡ್ಲಿ. ಕಾಡವ್ವಕ್ಕ ನನ್ನ ಮುಂದ ಥೂ ಅನ್ನೂದ ಬಿಡಬಾರದ್ರಿ. ಅಷ್ಟ ಸಾಕು ನನಗ."