ಊರೂರಿನ ಅಳಿಯ

ತಾತನ ಎಡಗೈಯ ಕಿರುಬೆರಳು ಮಡಚುವುದಿಲ್ಲ. ಚಹಾದ ಲೋಟ ಹಿಡಿದಾಗ ಅದೊಂದೇ ಹೊರಗೆ ಚಾಚಿಕೊಂಡಿರುತ್ತದೆ. ವಾಲಿಬಾಲ್ ಆಡುವಾಗ, ಎದುರಾಳಿ ಹೊಡೆದ ಚೆಂಡು ತಡೆಯಹೋಗಿ ಮುರಿದದ್ದು. ಆಡಲು ಕರೆಸಿಕೊಂಡಿದ್ದ ಊರಿನವರು ಅರಿಸಿನ ಮೆತ್ತಿ, ಬಟ್ಟೆ ಸುತ್ತಿ, ಅದೇ ಮಧ್ಯಾಹ್ನ ಮತ್ತೆ ಆಡಿಸಿದರಂತೆ.

ಆಗ ಈ ಸೀಮೆ ನಿಜಾಮನ ಕೈಬಿಟ್ಟು ಬಹಳ ವರ್ಷವಾಗಿರಲಿಲ್ಲ. ತಾತ ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಹಮಾಲಿ. ಗಿರಣಿಯ ತಂಡದ ಆಟಗಾರ. ರವಿವಾರ ಹಳ್ಳಿಗಳಿಗೆ ಬಾಡಿಗೆಯ ಆಟಗಾರ. ಹಳ್ಳಿಯ ಪಂದ್ಯಗಳಿಗೆ ಒಂದು ನಿಯಮವಿತ್ತು. ಊರಿನ ಮಕ್ಕಳು, ಇಲ್ಲವೆ ಊರಿನ ಅಳಿಯಂದಿರು ಮಾತ್ರ ಆಡಬೇಕು. ಹಾಗಾಗಿ ತಾತ ಕಲ್ಲೂರಿನಲ್ಲಿ ಯಾರದೋ ಅಳಿಯ, ಚೀಕಲಪರ್ವಿಯಲ್ಲಿ ಇನ್ಯಾರದೋ. ಎದುರು ತಂಡದಲ್ಲೂ ಇಂಥ ಅಳಿಯಂದಿರಿದ್ದರು, ಅದಕ್ಕೇ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಅಳಿಯನಿಗೆ ಊಟ ಮಾತ್ರ ದನದ ಕೊಟ್ಟಿಗೆಯ ಪಕ್ಕ. ನಮ್ಮ ಜಾತಿಯವರನ್ನು ಒಳಗೆ ಕರೆಯುವಷ್ಟು ಬೀಗತನ ಬೆಳೆದಿರಲಿಲ್ಲ.

ಅಜ್ಜಿಯ ತವರು ಗುಂಜಹಳ್ಳಿ. ಅವಳು ಇದ್ದಷ್ಟು ದಿನ ಚುಚ್ಚುತ್ತಿದ್ದಳು: “ಬಂದೇನಪಾ ಅಳಿಯಾ? ಇವತ್ತು ಯಾವ ಅತ್ತಿ ಮನ್ಯಾಗ ಉಂಡಿ?”

ರಾಜ್ಯದ ತಂಡಕ್ಕೆ ತಾತ ಆಯ್ಕೆಯಾಗಲಿಲ್ಲ. ಆರಿಸುವವರು ಕುರುಡರಿದ್ದರು ಎನ್ನುತ್ತಾನೆ. ನನಗೆ ಅಷ್ಟು ನಂಬಿಕೆಯಿಲ್ಲ. ಮೊಣಕಾಲು ಹೋಯಿತು, ಊರುಗಳು ಬೇರೆ ಅಳಿಯಂದಿರನ್ನು ಹುಡುಕಿಕೊಂಡವು. ಗಿರಣಿಯ ಆಟಕ್ಕೆ ಮೈಕು ಇರುತ್ತಿರಲಿಲ್ಲ, ಮೈಕು ಇದ್ದ ಹಳ್ಳಿಗಳಲ್ಲಿ ಅವನಿಗೆ ಹೆಸರಿರಲಿಲ್ಲ. ಆಟದ ಅಂಗಳದಲ್ಲಿ ಒಮ್ಮೆ ತನ್ನ ಹೆಸರು ಕೂಗಿಸಿಕೊಳ್ಳಬೇಕೆಂಬುದು ಎಂಬತ್ತು ದಾಟಿದ ಮೇಲೂ ಉಳಿದ ಆಸೆ.

ಕಳೆದ ಚಳಿಗಾಲ ದೇವದುರ್ಗದ ಒಂದು ಪಂದ್ಯಾವಳಿಯಿಂದ ಫೋನು ಬಂತು: ಹಳೆಯ ಆಟಗಾರರಿಗೆ ಸನ್ಮಾನ. ನಾವಿರುವ ಮಾನ್ವಿಯಿಂದ ತಾತನನ್ನು ನಾನೇ ಕರೆದೊಯ್ದೆ. ಸಮಿತಿಯ ಅಧ್ಯಕ್ಷ, ಗೊಬ್ಬರದ ಅಂಗಡಿ ಇಟ್ಟವನು, ನನ್ನನ್ನು ಬದಿಗೆ ಕರೆದ.

“ನೋಡವಾ, ಯಜ್ಜಾರು ನಮ್ಮೂರವ್ರಲ್ಲ. ಹೊರಗಿನವ್ರಿಗೆ ಶಾಲು ಹೊಚ್ಚಿದ್ರ ಮಂದಿ ತಕರಾರು ತಗೀತಾರ.”

“ಕರದವ್ರು ನೀವ ಅಲ್ರೀ?”

“ಹೌದವಾ. ಅದಕ್ಕ ಹಳೇ ಪದ್ಧತಿನೇ ಮಾಡೂಣು. ನಮ್ಮೂರ ಅಳಿಯ ಅಂತೀವಿ. ತಪ್ಪೇನದ?”

“ಏನರ ಅನ್ರಿ, ಹೆಸರೊಂದು ಹೇಳ್ರಿ.”

“ಹೇಳ್ತೀವಿ ಬಿಡವಾ.”

ಹೇಳಲಿಲ್ಲ. “ನಮ್ಮೂರ ಹೆಮ್ಮೆಯ ಅಳಿಯ” ಎಂದಷ್ಟೇ ಮೈಕು ಅರಚಿತು. ಮುಂದಿನ ಸಾಲಿನಲ್ಲಿ ಅರ್ಧಕ್ಕರ್ಧ ಜನ ಮೊಬೈಲು ನೋಡುತ್ತಲೇ ಚಪ್ಪಾಳೆ ತಟ್ಟಿದರು. ಕಿವಿ ಮಂದವಾಗಿರುವ ತಾತ, ಅಧ್ಯಕ್ಷ ಕೈಬೀಸಿದ್ದನ್ನು ಕಂಡು ಎದ್ದು ಹೋದ. ಶಾಲು ಹೊದಿಸಿಕೊಂಡು ಎಲ್ಲರಿಗೂ ಕೈಮುಗಿದ.

ಮರಳುವ ಬಸ್ಸಿನಲ್ಲಿ ಕೇಳಿದ: “ನನ್ನ ಹೆಸರು ಹೇಳಿದ್ರೇನಬೇ?”

ಸುಳ್ಳು ಹೇಳಬಹುದಿತ್ತು. ಅವನ ವಿಷಯದಲ್ಲಿ ಊರುಗಳು ಹೇಳಿದ ಸುಳ್ಳೇ ಸಾಕೆನಿಸಿತು.

“ಇಲ್ಲ ತಾತಾ. ಅಳಿಯ ಅಂದ್ರು.”

ಅವನು ಶಾಲು ತೆಗೆದು ನನ್ನ ತೊಡೆಯ ಮೇಲಿಟ್ಟ. “ಈ ವಯಸ್ಸಿನ್ಯಾಗ ಇನ್ನೊಬ್ಬ ಮಾವ,” ಎಂದ. ನಗಲಿಲ್ಲ.

ಮರುದಿನ ಬೆಳಿಗ್ಗೆ ಶಾಲು ಹಿಡಿದುಕೊಂಡು ಮೊದಲ ಬಸ್ಸಿಗೇ ದೇವದುರ್ಗಕ್ಕೆ ಹೋದೆ. ಅಧ್ಯಕ್ಷ ಆಗಷ್ಟೇ ಅಂಗಡಿಯ ಬಾಗಿಲು ತೆಗೆಯುತ್ತಿದ್ದ.

“ಯಾಕವಾ, ಬಣ್ಣ ಹಿಡಸ್ಲಿಲ್ಲೇನು?”

“ನಮ್ಮ ತಾತ ಗುಂಜಹಳ್ಳಿ ಅಳಿಯರಿ. ಇದನ್ನ ನಿಮ್ಮ ಮಗಳ ಗಂಡಗ ಹೊಚ್ರಿ.”

ಶಾಲನ್ನು ಗೊಬ್ಬರದ ಚೀಲದ ಮೇಲಿಟ್ಟು, ಮಾನ್ವಿಯ ಬಸ್ಸು ಹತ್ತಿದೆ.