ಏಳನೆಯ ಸಾಲಿನ ಸೊಟ್ಟ ಕಾಯಿ

ಗರಗದ ದಾಕ್ಷಾಯಿಣಿಗೆ ಸೊಟ್ಟ ಎಂದರೆ ಆಗದು. ರೊಟ್ಟಿ ಚೂರು ಓರೆಯಾದರೂ ಅದನ್ನು ಗಂಡನ ತಾಟಿಗೆ ಹಾಕದೆ ತಾನೇ ತಿಂದು ಮುಗಿಸುವವಳು. ಅಂಥವಳ ಕೈಗೆ ಮನೆಯ ಹಿತ್ತಲಿಗೆ ಹೊಂದಿಕೊಂಡ, ಪ್ಲಾಸ್ಟಿಕ್ಕು ಹೊದಿಸಿದ ಅರ್ಧ ಎಕರೆ ಪಾಲಿಹೌಸು ಸಿಕ್ಕರೆ ಕೇಳಬೇಕೆ? ಹುಬ್ಬಳ್ಳಿಯ ಹೋಟೆಲುಗಳಿಗೆ ಹೋಗುವ ಅವಳ ಸೌತೆಕಾಯಿ ನೋಡಿ ಊರವರು, “ಏನವಾ, ಸಾಲಿ ಹುಡುಗರ ಅಳತಿ ಪಟ್ಟಿ ಇಟ್ಟು ಬೆಳಸ್ತಿಯೇನ?” ಎಂದು ಚೇಷ್ಟೆ ಮಾಡುತ್ತಿದ್ದರು. ಪಟ್ಟಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವಳು ಮಾಡುತ್ತಿದ್ದಳು. ಮೇಲಿನ ತಂತಿಯಿಂದ ಇಳಿಬಿಟ್ಟ ದಾರಕ್ಕೆ ಬಳ್ಳಿ ಸುತ್ತಿ ಹತ್ತಿಸುವುದು, ಗಿಡ ಮೊಣಕಾಲುದ್ದ ಆಗುವವರೆಗೆ ಬಿಟ್ಟ ಹೀಚನ್ನೆಲ್ಲ ಮನಸ್ಸು ಕಲ್ಲು ಮಾಡಿಕೊಂಡು ಕಿತ್ತೊಗೆಯುವುದು, ಪಕ್ಕದ ಕುಡಿಗಳನ್ನು ಚಿವುಟುವುದು, ಎಲೆಗೋ ದಾರಕ್ಕೋ ಸಿಕ್ಕಿಕೊಂಡ ಎಳೆಗಾಯಿಯನ್ನು ಬಿಡಿಸಿ ಜೋತುಬಿಡುವುದು. ಐದು ವರ್ಷದಿಂದ ಇದೇ ಕೆಲಸ. ನೀರು ಕೂಡ ದಿನಾ ಅದೇ ಹೊತ್ತಿಗೆ.

ಅಂಥ ಪಾಲಿಹೌಸಿನ ಏಳನೆಯ ಸಾಲಿನಲ್ಲಿ ಈ ಸಲ ಶ್ರಾವಣ ಮುಗಿದದ್ದೇ ಸೊಟ್ಟ ಕಾಯಿ ಬರತೊಡಗಿದವು. ಉಳಿದ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು, ಏಳನೆಯದರಲ್ಲಿ ಮಾತ್ರ ದಿನಕ್ಕೆ ಹತ್ತಾರು.

ಮೊದಲನೆಯ ಕಾಯಿ ಕೈಗೆ ಬಂದಾಗ ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಡು ಬಾಗಿ ತುದಿ ಉಬ್ಬಿದ ಆ ಕಾಯಿ ಅತ್ತೆ ಈರವ್ವನ ತೋರುಬೆರಳಿನ ಹಾಗೇ ಇತ್ತು. ಈರವ್ವ ನಲವತ್ತು ವರ್ಷ ಖಾದಿಗೆ ನೂಲು ತೆಗೆದವಳು. ಎಳೆ ಹಿಡಿದು ಹಿಡಿದು ಅವಳ ಬಲಗೈಯ ಆ ಬೆರಳು ಬಾಗಿ ಹಾಗೇ ನಿಂತುಬಿಟ್ಟಿತ್ತು. ಅವಳು ತೀರಿಕೊಂಡು ಆಗ ವರ್ಷದ ಮೇಲೆ ಒಂದು ತಿಂಗಳು.

ದಾಕ್ಷಾಯಿಣಿ ಆ ಕಾಯಿಯನ್ನು ಯಾರಿಗೂ ತೋರಿಸದೆ ಎಮ್ಮೆಗೆ ಹಾಕಿದಳು. ತೋರಿಸಿದರೆ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಎಂಬ ಭಯ. ಯಾಕೆಂದರೆ ಅವಳ ಹೊಟ್ಟೆಯಲ್ಲಿ ಒಂದು ಮಾತು ಹುದುಗಿತ್ತು.

ಈರವ್ವನ ಹತ್ತಿರ ಒಂದು ಜವಾರಿ ಸೌತೆಯ ತಳಿ ಇತ್ತು. ಗಿಡ್ಡ, ದಪ್ಪ ಕಾಯಿ, ಮೈಮೇಲೆ ಬಿಳಿ ಗೆರೆ, ಕಪ್ಪು ಮುಳ್ಳು. ತವರಿನಿಂದ ಉಡಿಯಲ್ಲಿ ತಂದ ಬೀಜ. ವರ್ಷವೂ ಒಂದು ಕಾಯಿಯನ್ನು ಬಳ್ಳಿಯಲ್ಲೇ ಹಣ್ಣು ಮಾಡಿ, ಬೀಜವನ್ನು ಸಗಣಿಯಲ್ಲಿ ಕಲಸಿ, ಕುಳ್ಳು ತಟ್ಟಿದಂತೆ ಒಳಗೋಡೆಗೆ ಬಡಿದಿಡುತ್ತಿದ್ದಳು. ಅದರ ಮೇಲೆ ಅವಳ ಐದೂ ಬೆರಳು ಮೂಡುತ್ತಿದ್ದವು, ತೋರುಬೆರಳು ಮಾತ್ರ ಸೊಟ್ಟ. ಪಾಲಿಹೌಸಿನ ಸೌತೆಯನ್ನು ಒಮ್ಮೆ ಕಡಿದು ನೋಡಿ, “ಬೀಜನs ಇಲ್ಲಲ್ಲವಾ ಇದಕ್ಕ. ಇದರ ಅವ್ವ ಯಾರು?” ಎಂದು ಕೇಳಿ ಉಳಿದರ್ಧವನ್ನು ಹಾಗೇ ಇಟ್ಟಿದ್ದಳು. ಹಾಸಿಗೆ ಹಿಡಿದ ಮೇಲೆ ಅವಳು ಬಂಗಾರದ ಮಾತು ಆಡಲಿಲ್ಲ, ಹೊಲದ ಮಾತೂ ಆಡಲಿಲ್ಲ. ಸೊಸೆಯ ಕೈ ಹಿಡಿದು ಇಷ್ಟೇ ಹೇಳಿದ್ದು: “ಗ್ವಾಡಿ ಮ್ಯಾಲಿನ ಬೀಜ ನಿನ್ನ ಕೈಯಾಗ ಐತಿ ನೋಡವಾ. ವರ್ಷಾ ಹಾಕು. ಬಿಡಬ್ಯಾಡ.”

“ಬಿಡಂಗಿಲ್ಲರಿ ಅತ್ತಿ,” ಎಂದಿದ್ದಳು ದಾಕ್ಷಾಯಿಣಿ. ಎಂಟನೆಯ ದಿನ ಬೆಳಗಿಗೆ ಈರವ್ವ ಹೋದಳು.

ಹೊರಗೆ ಶ್ರಾವಣದ ಜಿಟಿಜಿಟಿ. ಹೆಣಕ್ಕೆ ಜಳಕ ಮಾಡಿಸಬೇಕು, ನೀರು ಕಾಯಬೇಕು, ಕಟ್ಟಿಗೆ ಎಲ್ಲ ತೊಯ್ದು ಹೊಗೆ ಕಾರುತ್ತಿದೆ. ಬಂದ ಹೆಂಗಸರು ನೀರು ನೀರು ಎನ್ನುತ್ತಿದ್ದಾರೆ. ಅಳುತ್ತಲೇ ಒಳಗೆ ಓಡಿದ ದಾಕ್ಷಾಯಿಣಿ ಕೈಗೆ ಸಿಕ್ಕ ಒಣ ಕುಳ್ಳನ್ನು ಗೋಡೆಯಿಂದ ಕಿತ್ತು ತಂದು ಬಚ್ಚಲ ಒಲೆಗೆ ತಳ್ಳಿದಳು. ಬೆಂಕಿ ಹತ್ತಿತು. ಹತ್ತಿದ ಬೆಂಕಿಯೊಳಗೆ ಐದು ಬೆರಳು ಕೆಂಪಗೆ ಕಂಡವು, ಒಂದು ಸೊಟ್ಟ. ಅವಳು ಕೈ ಹಾಕಿ ಎಳೆಯಹೋದಳು. ಕುಳ್ಳು ಎರಡಾಗಿ ಒಡೆದು ಚೂರುಗಳು ಒಲೆಯ ಬಾಯಲ್ಲಿ ಉದುರಿದವು. ಒಳಗಿನ ಬೀಜ ಚಟಪಟ ಸಿಡಿಯತೊಡಗಿದವು. ಆ ನೀರಿನಲ್ಲೇ ಈರವ್ವನಿಗೆ ಕೊನೆಯ ಜಳಕವಾಯಿತು.

ಆಮೇಲೆ ನೆರೆಮನೆಯ ಗುಲ್ಜಾರಬಿ ಒಂದು ದಿನ ಬಂದು, “ಈರವ್ವಕ್ಕನ ಸೌತಿ ಬೀಜ ನಾಕ ಕೊಡವಾ, ಪ್ರತಿ ವರ್ಷ ಕೊಡ್ತಿದ್ಳು,” ಎಂದಾಗ ದಾಕ್ಷಾಯಿಣಿಯ ಬಾಯಿಂದ “ಇಲಿ ತಿಂದ್ವರಿ” ಎಂದು ಬಂದುಬಿಟ್ಟಿತು. ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಗಂಡ ನೀಲಕಂಠಪ್ಪ ತಲೆ ಎತ್ತದೆ, “ಹೌದು, ಇಲಿ ಭಾಳ ಆಗ್ಯಾವ,” ಎಂದ. ಅವನು ನಂಬಿದನಲ್ಲ ಎಂದು ಅವಳಿಗೆ ಸಮಾಧಾನವಾಯಿತು, ಅದರ ಹಿಂದೆಯೇ ತನ್ನ ಬಗ್ಗೆ ಹೇಸಿಕೆಯೂ ಆಯಿತು. ದೀಪಾವಳಿಗೆ ಗೋಡೆಗೆ ಎರಡು ಕೈ ಸುಣ್ಣ ಬಳಿದಳು. ಕುಳ್ಳು ಇದ್ದ ಜಾಗದ ಗುಂಡನೆಯ ಗುರುತು ಮೂರನೆಯ ದಿನಕ್ಕೆ ಮತ್ತೆ ಮೂಡಿತು.

ಅದಕ್ಕಿಂತ ದೊಡ್ಡ ಕಾಟ ಆ ಸದ್ದಿನದು. ಬೆಳಗಿನ ಬಿಸಿಲು ಏರಿದಾಗ ಪಾಲಿಹೌಸಿನ ಪ್ಲಾಸ್ಟಿಕ್ಕು ಕಾದು ಚಟ್, ಚಟ್ ಎನ್ನುತ್ತದೆ. ಎಲ್ಲರ ಪಾಲಿಹೌಸೂ ಎನ್ನುತ್ತದೆ. ಆದರೆ ದಾಕ್ಷಾಯಿಣಿಗೆ ಕೇಳುವುದು ಬಚ್ಚಲ ಒಲೆ. ಇಪ್ಪತ್ತೈದು ವರ್ಷ ಅತ್ತೆ ಕರೆದಾಗಲೆಲ್ಲ “ಬಂದೆರಿ” ಎಂದ ನಾಲಿಗೆ, ಆ ಸದ್ದಿಗೂ ಹಾಗೇ ಹೊರಳುತ್ತಿತ್ತು. ಅವಳು ತುಟಿ ಕಚ್ಚಿ ತಡೆಯುತ್ತಿದ್ದಳು. ಈಗ ನೋಡಿದರೆ ಮೇಲೆ ಆ ಸದ್ದು, ಕೆಳಗೆ ಜೋತಾಡುವ ಬಾಗಿದ ಬೆರಳುಗಳು, ಎಲ್ಲವೂ ತನ್ನನ್ನೇ ತೋರಿಸುತ್ತಿವೆ ಎಂದು ಅವಳಿಗೆ ಅನಿಸತೊಡಗಿತು. ಏಳನೆಯ ಸಾಲಿಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು.

ಹೆದರಿದರೂ ಅವಳು ಕೆಲಸದವಳು. ಹನಿ ನೀರಿನ ನಳಿಗೆ ಕಟ್ಟಿಕೊಂಡಿದೆಯೇ ಎಂದು ಪ್ರತಿ ತೂತನ್ನೂ ಸೂಜಿ ಹಾಕಿ ನೋಡಿದಳು. ಗೊಬ್ಬರದ ಪ್ರಮಾಣ ಮತ್ತೆ ಅಳೆದಳು. ಸೊಟ್ಟ ಕಾಯಿ ನಿಲ್ಲಲಿಲ್ಲ. ಹೋಟೆಲಿನವರು ಒಂದು ಕ್ರೇಟು ವಾಪಸು ಕಳಿಸಿದ ದಿನ ನೀಲಕಂಠಪ್ಪ ಸಸಿ ಕೊಡುವ ಧಾರವಾಡದ ನರ್ಸರಿಗೆ ಫೋನು ಮಾಡಿದ. ಅಲ್ಲಿಂದ ಸುಮೇಧಾ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಬೆಳೆ ನೋಡಿ ರೋಗ ಹೇಳುವುದು ಅವಳ ಕೆಲಸ.

ಸುಮೇಧಾ ಒಂದು ಸೊಟ್ಟ ಕಾಯಿಯನ್ನು ಉದ್ದಕ್ಕೆ ಸೀಳಿದಳು. ಉಬ್ಬಿದ ತುದಿಯಲ್ಲಿ ಬೀಜ, ಸಾಲಾಗಿ, ಬೆಳ್ಳಗೆ.

“ಇದಕ್ಕ ಪರಾಗ ಬಿದ್ದದ ಅಕ್ಕಾರ,” ಎಂದಳು. “ಈ ತಳಿಗೆ ಬರೇ ಹೆಣ್ಣ ಹೂವು. ಪರಾಗ ಇಲ್ಲದs ಕಾಯಿ ಹಿಡೀತದ, ಅದಕ್ಕs ನೆಟ್ಟಗ ಇರ್ತದ. ಎಲ್ಲೋ ಹೊರಗ ಜವಾರಿ ಸೌತಿ ಬಳ್ಳಿ ಹೂಬಿಟ್ಟದ. ಜೇನಹುಳ ಅದರ ಗಂಡ ಹೂವಿನ ಪರಾಗ ಇಲ್ಲಿಗೆ ತರಾಕತ್ತಾವ. ಬೀಜ ಕಟ್ಟಿದ ಕಡೆ ಉಬ್ಬಿ ಕಾಯಿ ಬಾಗತದ.”

“ಈ ದಿಕ್ಕಿನಾಗ ಯಾರೂ ಸೌತಿ ಹಾಕಿಲ್ಲವಾ,” ಎಂದಳು ದಾಕ್ಷಾಯಿಣಿ. ಅವಳ ಕಣ್ಣು ಆ ಬೀಜಗಳ ಮೇಲೇ ಇತ್ತು.

“ಇದ್ದs ಇರ್ತದ. ಈ ಸಾಲಿನ ಹತ್ರನs ಎಲ್ಲೋ ಅದ. ಹುಡುಕಿ ಕಿತ್ತ ಒಗೀರಿ, ಜಾಳಿಗಿ ಹರದದ್ದು ಹೊಲೀರಿ.”

ಮರುದಿನ ಬೆಳಿಗ್ಗೆ ನೀಲಕಂಠಪ್ಪ ಕುಡಗೋಲು ಹಿಡಿದು ಪಾಲಿಹೌಸಿನ ಸುತ್ತ ಹೊರಟ. ಸ್ವಲ್ಪ ಹೊತ್ತಿಗೆ ಹಿಂಭಾಗದಿಂದ, “ಇಲ್ಲೈತಿ, ಬಾ ಇಲ್ಲೆ,” ಎಂದು ಕೂಗಿದ. ದಾಕ್ಷಾಯಿಣಿ ಓಡಿದಳು. ಏಳನೆಯ ಸಾಲಿನ ತಲೆಗೆ, ಪಾಲಿಹೌಸಿನ ಪಕ್ಕಕ್ಕೆ ಕಟ್ಟಿದ ಜಾಳಿಗೆಯ ಬಲೆ ಹರಿದಿದ್ದ ಮೂಲೆಯ ಹೊರಗೆ, ಹಳೆಯ ಚೀಲವೊಂದು ಮಳೆಗೆ ಕೊಳೆತು ಬಾಯಿ ಬಿಟ್ಟಿತ್ತು. ಬಚ್ಚಲ ಒಲೆಯ ಬೂದಿಯ ಚೀಲ. ಗಿಡಕ್ಕೆ ಹುಳ ಬಿದ್ದರೆ ಉದುರಿಸಲು ಅವಳೇ ತುಂಬಿ, ಹೋದ ವರ್ಷ ಸೂರಿನ ಕೆಳಗಿಟ್ಟು, ಈ ಬೇಸಿಗೆಯಲ್ಲಿ ಇಲ್ಲಿಗೆ ತಂದು ಮರೆತದ್ದು. ಅದರೊಳಗಿಂದ ಬಳ್ಳಿಯೊಂದು ಎದ್ದು ಬಲೆಗೆ ಹಬ್ಬಿತ್ತು. ಮೈತುಂಬ ಹಳದಿ ಹೂವು, ಜೇನಹುಳ. ಎಲೆಯ ಮರೆಯಲ್ಲಿ ಒಂದೇ ಒಂದು ಕಾಯಿ: ಗಿಡ್ಡ, ದಪ್ಪ, ಬಿಳಿ ಗೆರೆ, ಕಪ್ಪು ಮುಳ್ಳು. ಅಂದು ಒಲೆಯ ಬಾಯಲ್ಲಿ ಉದುರಿದ ಚೂರು ಬೂದಿಯ ಜೊತೆಗೇ ಈ ಚೀಲ ಸೇರಿತ್ತು.

ನೀಲಕಂಠಪ್ಪ ಬುಡಕ್ಕೆ ಕುಡಗೋಲು ಹಚ್ಚಿ ಬಗ್ಗಿದ್ದ. ಈಗ ಬಾಯಿ ಮುಚ್ಚಿಕೊಂಡರೆ ಒಂದೇ ಏಟಿಗೆ ಎಲ್ಲ ಮುಗಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

“ಬ್ಯಾಡ್ರಿ! ಕೊಯ್ಯಬ್ಯಾಡ್ರಿ ಅದನ್ನ!”

“ಯಾಕ?”

“ಅದು ಅತ್ತೀದು.” ಅವಳು ಬಳ್ಳಿಗೂ ಕುಡಗೋಲಿಗೂ ನಡುವೆ ಬಂದು ಕೂತಳು. “ಇಲಿ ತಿಂದಿಲ್ಲರಿ. ಅವತ್ತ ಜಳಕದ ನೀರಿಗೆ ನಾನs ಸುಟ್ಟೆ. ನನ್ನ ಕೈಯಾಗ ಕೊಟ್ಟಿದ್ರು, ನಾನs ಸುಟ್ಟೆ.”

ನೀಲಕಂಠಪ್ಪ ಕುಡಗೋಲನ್ನು ನೆಲಕ್ಕಿಟ್ಟ.

“ಗೊತ್ತೈತಿ,” ಎಂದ. “ನಾ ಅವ್ವನ್ನ ಹಿಡಕೊಂಡು ಕುಂತಿದ್ದೆ. ಬಚ್ಚಲದಾಗ ಚಟಪಟ ಅಂತು. ಸಣ್ಣಾಂವಿದ್ದಾಗಿಂದ ಆ ಬೀಜ ಕಂಡಾಂವ ನಾ. ಆಗs ತಿಳೀತು.”

“ಮತ್ತ ಯಾಕ ಅನ್ನಲಿಲ್ಲರಿ?”

“ಅಂದಿದ್ರ ಬೈಬೇಕಾಗತಿತ್ತು. ಅವತ್ತ ನಿನ್ನ ಮಾರಿ ನೋಡಿ ಬೈಯೂದು ನನಗ ಆಗಲಿಲ್ಲ. ಆಮ್ಯಾಲ ಅನ್ನೂ ಹೊತ್ತ ದಾಟಿ ಹೋತು.”

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಹದಿಮೂರು ತಿಂಗಳು ಒಂದೇ ಸೂರಿನ ಕೆಳಗೆ ಇಬ್ಬರೂ ಅದೇ ಸದ್ದು ಕೇಳುತ್ತ, ಒಬ್ಬರಿಗೊಬ್ಬರು ಹೇಳದೆ ಉಂಡಿದ್ದರು, ಮಲಗಿದ್ದರು. ಮರ್ಯಾದೆಯೋ ಮಮತೆಯೋ, ಇಂಥ ಮೌನಕ್ಕೆ ಏನನ್ನಬೇಕೋ ನನಗಂತೂ ತಿಳಿಯದು. “ಇಲಿ ಅಂದಾಗಾದ್ರೂ ಬೈಬೇಕಿತ್ತು,” ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

ಬಳ್ಳಿಯನ್ನು ಕೀಳಲಿಲ್ಲ. ಬೀಜ ಬಲಿಯಲು ಕಾಯಿ ಬಳ್ಳಿಯಲ್ಲೇ ಹಣ್ಣಾಗಬೇಕು, ಅದಕ್ಕೆ ಇನ್ನೂ ತಿಂಗಳು ಬೇಕು. ಅಲ್ಲಿಯವರೆಗೆ ಒಳಗಿನ ಬೆಳೆಯೂ ಉಳಿಯಬೇಕು. ನೀಲಕಂಠಪ್ಪ ಬಲೆ ಹೊಲಿದ. ದಾಕ್ಷಾಯಿಣಿ ದಿನಾ ಬೆಳಿಗ್ಗೆ ಜೇನಹುಳ ಬರುವ ಮೊದಲೇ ಎದ್ದು ಹೋಗಿ ಬಳ್ಳಿಯ ಗಂಡು ಹೂವನ್ನೆಲ್ಲ ಬಿಡಿಸಿ ಉಡಿಯಲ್ಲಿ ಹಾಕಿಕೊಂಡು ಬರುತ್ತಿದ್ದಳು. ಹದಿನೈದು ದಿನಕ್ಕೆ ಏಳನೆಯ ಸಾಲಿನ ಕಾಯಿ ಮತ್ತೆ ನೆಟ್ಟಗಾದವು. ಹೊರಗಿನ ಆ ಒಂದೇ ಕಾಯಿ ಹಳದಿಯಾಗಿ, ಕಂದುಬಣ್ಣಕ್ಕೆ ತಿರುಗಿ, ಒಂದು ದಿನ ತೊಟ್ಟು ಬಿಟ್ಟಿತು.

ಸೀಳಿದಾಗ ಬೀಜ ಗಟ್ಟಿಯಾಗಿದ್ದವು. ಒಂದು ಹಿಡಿ ತೆಗೆದು ಗುಲ್ಜಾರಬಿಗೆ ಕೊಟ್ಟು, ಇಲಿಯ ಮಾತು ಸುಳ್ಳೆಂದು ಹೇಳಿ ಬಂದಳು. ಉಳಿದದ್ದನ್ನು ಸಗಣಿಯಲ್ಲಿ ಕಲಸಿ ಒಳಗೋಡೆಗೆ ಬಡಿದಳು. ಹಳೆಯ ಗುರುತಿನ ಮೇಲಲ್ಲ, ಅದರ ಪಕ್ಕಕ್ಕೆ.

ಕೈ ತೆಗೆದು ನೋಡಿದಳು. ಐದು ಬೆರಳು ಮೂಡಿದ್ದವು. ತೋರುಬೆರಳು ಚೂರು ಬಾಗಿತ್ತು. ತನ್ನ ಕೈಯನ್ನು ಬೆಳಕಿಗೆ ಹಿಡಿದಳು. ಐದು ವರ್ಷ ಕುಡಿ ಚಿವುಟಿದ ಬೆರಳು, ಯಾವಾಗ ಬಾಗಿತೋ ಅವಳಿಗೇ ಗೊತ್ತಾಗಿರಲಿಲ್ಲ. ಸೊಟ್ಟ ಎಂದರೆ ಆಗದವಳು ಅದನ್ನು ಮತ್ತೆ ತಟ್ಟಿ ನೆಟ್ಟಗೆ ಮಾಡಲು ಹೋಗಲಿಲ್ಲ.

ಹಿತ್ತಲ ಕಡೆ ಬಿಸಿಲು ಏರಿತ್ತು. ಪ್ಲಾಸ್ಟಿಕ್ಕು ಚಟ್ ಎಂದಿತು.

“ಬಂದೆರಿ ಅತ್ತಿ,” ಎಂದು ದಾಕ್ಷಾಯಿಣಿ ಕೈ ತೊಳೆಯಲು ಎದ್ದಳು.