ಅಮ್ಮನಲ್ಲ ಅಂದದ್ದು

ಅರವತ್ತರ ದಶಕದಲ್ಲಿ ಜಯನಗರದ ನಮ್ಮ ಪಕ್ಕದ ಮನೆಯಲ್ಲಿದ್ದವರು ಎಂಜಿನಿಯರೊಬ್ಬರನ್ನು ಮದುವೆಯಾಗಿ ಬಂದ ಪೋಲೆಂಡಿನ ಯಹೂದಿ ಹೆಂಗಸು. ನನಗೆ ಸ್ವೆಟರ್ ಹೆಣೆಯಲು ಕಲಿಸುತ್ತಿದ್ದರು. ಹೋದಾಗಲೆಲ್ಲ ಗಲ್ಲ ಮುಟ್ಟಿ, "ಅಮ್ಮನಿಗೆ ಹೇಳಿ ಬಂದ್ಯಾ?" ಎಂದು ಕೇಳುತ್ತಿದ್ದರು.

ಒಂದು ದಿನ ಅಮ್ಮ ಬೈದ ಸಿಟ್ಟಿನಲ್ಲಿ ನಾನು, "ಅವಳು ನನ್ನಮ್ಮನೇ ಅಲ್ಲ, ಆಂಟಿ!" ಎಂದೆ.

ಅವರ ಕೈಯ ಕಡ್ಡಿಗಳು ನಿಂತವು.

"ನಾನೂ ಹಾಗೇ ಅಂದಿದ್ದೆ," ಎಂದರು. "ನಾಜಿ ಸೈನಿಕರು ಬೀದೀಲಿ ಅಮ್ಮನ್ನ ಹಿಡಿದಾಗ ಅವಳು ನನ್ನ ದೂರ ತಳ್ಳಿ, 'ಈ ಹುಡುಗಿ ಯಾರೋ ಗೊತ್ತಿಲ್ಲ' ಅಂದ್ಲು. ನನ್ನ ಕೇಳಿದ್ರು. 'ಇವಳು ನನ್ನಮ್ಮ ಅಲ್ಲ' ಅಂದೆ. ನನ್ನ ಬಿಟ್ಬಿಟ್ರು. ಅವಳನ್ನ ಲಾರಿಗೆ ಹತ್ತಿಸಿದ್ರು. ಅವಳು ತಿರುಗಿ ನೋಡ್ಲಿಲ್ಲ. ನೋಡಿದ್ರೆ ಅವರಿಗೆ ಗೊತ್ತಾಗ್ತಿತ್ತು."

ನಾನು ಮನೆಗೆ ಓಡಿದೆ. ಅಡುಗೆಮನೆಯಲ್ಲಿದ್ದ ಅಮ್ಮ, "ಏನಾಯ್ತೇ?" ಎಂದಳು.

"ಅಮ್ಮಾ" ಎಂದೆ.